ಶೈತ್ಯಯಂತ್ರಕ್ಕೆ ಕೋಟಿ, ಸೀಸೆಗೆ ಚೌಕಾಸಿ: ಜೀವೌಷಧ ಸಂರಕ್ಷಣೆಯ ದುರ್ಬಲ ಕೊಂಡಿ

ಮೈಸೂರು: ಬೇಸಿಗೆಯಲ್ಲಿ ನೀರು ಬೇಗ ತಣ್ಣಗಾಗಲೆಂದು ಗಾಜಿನ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು ಮರೆತವರು ಕುವೆಂಪುನಗರದಲ್ಲಿ ಬೀದಿಗೊಬ್ಬರಾದರೂ ಸಿಕ್ಕಾರು. ಬೆಳಿಗ್ಗೆ ಬಾಗಿಲು ತೆರೆದರೆ ನೀರು ಬಾಟಲಿಯ ಆಕಾರದಲ್ಲೇ ಹೆಪ್ಪುಗಟ್ಟಿ ನಿಂತಿರುತ್ತದೆ, ಬಾಟಲಿ ಮಾತ್ರ ಚೂರಾಗಿರುತ್ತದೆ. ಮನೆಯ ಫ್ರೀಜರ್‌ನ ಶೈತ್ಯ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ನಷ್ಟವೂ ಒಂದು ಬಾಟಲಿಯದಷ್ಟೇ.

ಇದೇ ಅವಘಡ ಮೈನಸ್ 80 ಡಿಗ್ರಿಯ ಪೆಟ್ಟಿಗೆಯಲ್ಲೋ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ತೊಟ್ಟಿಯಲ್ಲೋ ಸಂಭವಿಸಿದರೆ? ಒಳಗಿರುವುದು ನೀರಲ್ಲ, ಕ್ಯಾನ್ಸರ್ ರೋಗಿಯೊಬ್ಬನ ರಕ್ತದಿಂದಲೇ ಬೇರ್ಪಡಿಸಿ, ವಾರಗಟ್ಟಲೆ ಶ್ರಮಿಸಿ ಮಾರ್ಪಡಿಸಿದ ಜೀವಕೋಶಗಳಾಗಿದ್ದರೆ? ಜೀವೌಷಧ ಕ್ಷೇತ್ರದಲ್ಲಿ ಮುಂಚೂಣಿಯ ರಾಜ್ಯವೆಂದು ಹೇಳಿಕೊಳ್ಳುವ ಕರ್ನಾಟಕ ಈ ಪ್ರಶ್ನೆಗೆ ಇನ್ನೂ ಬಹಿರಂಗವಾಗಿ ಮುಖಾಮುಖಿಯಾಗಿಲ್ಲ.

ಕೋವಿಡ್ ಕಾಲದಲ್ಲಿ ಈ ಪರೀಕ್ಷೆಯಿಂದ ರಾಜ್ಯ ಪಾರಾಯಿತು ಎನ್ನಬೇಕು. 2021ರಲ್ಲಿ ಮೈಸೂರಿಗರು ಸರದಿಯಲ್ಲಿ ನಿಂತು ಪಡೆದ ಕೋವಿಶೀಲ್ಡ್ ಹಾಗೂ ಕೋವ್ಯಾಕ್ಸಿನ್‌ಗಳಿಗೆ 2ರಿಂದ 8 ಡಿಗ್ರಿಯ ಸಾಧಾರಣ ಶೈತ್ಯ ಸಾಕಾಗಿತ್ತು. ಮೈನಸ್ 70 ಡಿಗ್ರಿಯ ಆಸುಪಾಸಿನ ಶೈತ್ಯ ಬೇಡುತ್ತಿದ್ದ ಫೈಜರ್ ಲಸಿಕೆ ಭಾರತಕ್ಕೆ ಬರಲೇ ಇಲ್ಲ. 2020ರ ಡಿಸೆಂಬರ್‌ನಲ್ಲಿ ಸಲ್ಲಿಸಿದ್ದ ತುರ್ತು ಬಳಕೆಯ ಅರ್ಜಿಯನ್ನು ಕಂಪನಿ 2021ರ ಫೆಬ್ರುವರಿಯಲ್ಲಿ ಹಿಂಪಡೆಯಿತು. ಮೈನಸ್ 18 ಡಿಗ್ರಿಯಲ್ಲಿಡಬೇಕಿದ್ದ ಸ್ಪುಟ್ನಿಕ್ ಲಸಿಕೆಯನ್ನು ಧಾರವಾಡದ ಘಟಕದಲ್ಲಿ ತಯಾರಿಸಲು ಶಿಲ್ಪಾ ಮೆಡಿಕೇರ್ ಸಮೂಹ 2021ರ ಮೇ ತಿಂಗಳಲ್ಲಿ ಡಾ. ರೆಡ್ಡೀಸ್ ಜತೆ ಒಪ್ಪಂದ ಮಾಡಿಕೊಂಡಿತ್ತಾದರೂ ಜನಸಾಮಾನ್ಯರ ಮಟ್ಟಿಗೆ ಅತಿಶೀತಲ ಔಷಧವೆಂಬುದು ದೂರದ ಮಾತಾಗಿಯೇ ಉಳಿಯಿತು.

ಈಗ ಅದು ದೂರದ ಮಾತಲ್ಲ. ಐಐಟಿ ಬಾಂಬೆ ಹಾಗೂ ಟಾಟಾ ಸ್ಮಾರಕ ಕೇಂದ್ರದ ಶ್ರಮದ ಫಲವಾದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಕೋಶಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಕ್ವಾರ್ಟೆಮಿ ಎಂಬ ಅದೇ ಬಗೆಯ ಚಿಕಿತ್ಸೆಯನ್ನು ಬಿಡುಗಡೆ ಮಾಡಿತು. ತೀವ್ರ ಹಿಮೋಫೀಲಿಯಾದಿಂದ ಬಳಲುತ್ತಿದ್ದ ಐವರಿಗೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನೀಡಿದ ವಂಶವಾಹಿ ಚಿಕಿತ್ಸೆಯ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಆ ಕೆಲಸ ಮಾಡಿದ ಕಾಂಡಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕ. ಇಂಥ ಚಿಕಿತ್ಸೆಗಳ ಕಚ್ಚಾವಸ್ತು, ವಾಹಕ ವೈರಸ್, ಕೋಶಬೀಜ, ಕೆಲವೊಮ್ಮೆ ಅಂತಿಮ ಔಷಧವೂ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಕಾಲ ಕಳೆಯುತ್ತವೆ.

ಶೈತ್ಯಯಂತ್ರಗಳ ಖರೀದಿಯ ವಿಷಯ ಬಂದಾಗ ಚರ್ಚೆ ನಡೆಯುತ್ತದೆ, ಉದ್ಘಾಟನೆಯೂ ಆಗುತ್ತದೆ. ಅದರೊಳಗಿಡುವ ಸೀಸೆ, ಚೀಲ, ಬಿರಡೆಗಳ ಬಗ್ಗೆ ಕೇಳುವವರು ವಿರಳ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ ಈ ವ್ಯವಹಾರ. ಮೈನಸ್ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಶೈತ್ಯಯಂತ್ರ ಕೈಕೊಟ್ಟರೆ ಎಚ್ಚರಿಕೆಯ ಗಂಟೆಯಾದರೂ ಬಾರಿಸುತ್ತದೆ. ಧಾರಕ ಕೈಕೊಟ್ಟರೆ ಸದ್ದೇ ಬರುವುದಿಲ್ಲ.

ಗಾಜಿಗಿಂತ ಬಿರಡೆಯೇ ಅಪಾಯಕಾರಿ

ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇ 9ರಷ್ಟು ಹಿಗ್ಗುತ್ತದೆ. ಔಷಧ ಸೀಸೆಗಳಿಗೆ ಬಳಸುವ ಬೊರೊಸಿಲಿಕೇಟ್ ಗಾಜು ಶೈತ್ಯಕ್ಕೆ ತಾನಾಗಿ ಒಡೆಯುವಂಥದಲ್ಲ. ಒಳಗಿನ ದ್ರವ ಹಿಗ್ಗಿ ಗೋಡೆಯನ್ನು ನೂಕಿದಾಗ ಒಡೆಯುತ್ತದೆ. ಸೀಸೆಯನ್ನು ಕಂಠದವರೆಗೆ ತುಂಬಿದರೆ ಅಪಾಯ ಹೆಚ್ಚು. ಔಷಧದ ಜತೆ ಸೇರಿಸುವ ಮ್ಯಾನಿಟಾಲ್ ಎಂಬ ಸಕ್ಕರೆ ಜಾತಿಯ ಪದಾರ್ಥ ಕರಗಿಸುವ ಹೊತ್ತಿನಲ್ಲಿ ಹರಳುಗಟ್ಟಿ ಸೀಸೆಯ ತಳ ಸೀಳಿದ ನಿದರ್ಶನಗಳನ್ನು ಔಷಧೋದ್ಯಮ ದಶಕಗಳಿಂದ ಬಲ್ಲದು. ಆದಾಗ್ಯೂ ಒಡೆದ ಗಾಜು ಪ್ರಾಮಾಣಿಕ. ಅದು ಕಣ್ಣಿಗೆ ಕಾಣುತ್ತದೆ, ಆ ಸೀಸೆಯನ್ನು ಎಸೆಯಬಹುದು.

ನಿಜವಾದ ಕಳ್ಳ ರಬ್ಬರ್ ಬಿರಡೆ. ಸೀಸೆಯ ಬಾಯಿಗೆ ಬಿಗಿಯುವ ಬ್ಯುಟೈಲ್ ರಬ್ಬರ್ ತನ್ನ ಸ್ಥಿತಿಸ್ಥಾಪಕ ಗುಣದಿಂದಲೇ ಗಾಳಿಯಾಡದಂತೆ ಮುಚ್ಚಿಕೊಂಡಿರುತ್ತದೆ. ಮೈನಸ್ 60ರಿಂದ 70 ಡಿಗ್ರಿಯ ಆಸುಪಾಸಿನಲ್ಲಿ ಆ ಗುಣ ಕಳೆದುಹೋಗುತ್ತದೆ, ರಬ್ಬರ್ ಕಲ್ಲಿನಂತಾಗುತ್ತದೆ. ಗಾಜು, ರಬ್ಬರ್, ಮೇಲಿನ ಅಲ್ಯೂಮಿನಿಯಂ ಪಟ್ಟಿ ಮೂರೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ನಡುವೆ ಕೂದಲೆಳೆಗಿಂತ ಕಿರಿದಾದ ಸಂದು ಮೂಡುತ್ತದೆ.

ಇದೇ ಹೊತ್ತಿಗೆ ಸೀಸೆಯೊಳಗಿನ ಗಾಳಿಯೂ ತಣ್ಣಗಾಗಿ ಅದರ ಒತ್ತಡ ಕುಸಿದಿರುತ್ತದೆ. 25 ಡಿಗ್ರಿಯಲ್ಲಿ ಮುಚ್ಚಿದ ಸೀಸೆ ಮೈನಸ್ 80 ಡಿಗ್ರಿಗೆ ಇಳಿದಾಗ ಒಳಗಿನ ಒತ್ತಡ ಮೊದಲಿನ ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ. ಹೊರಗಿನ ಗಾಳಿ ಒಳಕ್ಕೆ ನುಗ್ಗಲು ಇಷ್ಟು ಸಾಕು. ಸುತ್ತಲಿರುವುದು ಸಾಗಣೆಗೆ ಬಳಸುವ ಡ್ರೈ ಐಸ್ ಆಗಿದ್ದರೆ ಒಳಹೋಗುವುದು ಇಂಗಾಲದ ಡೈಆಕ್ಸೈಡ್. ಔಷಧ ಕರಗಿದಾಗ ಆ ಅನಿಲ ಅದರಲ್ಲಿ ಲೀನವಾಗಿ ಆಮ್ಲೀಯತೆ ಹೆಚ್ಚುತ್ತದೆ. ಸೂಕ್ಷ್ಮ ಪ್ರೋಟೀನ್‌ಗಳಿಗೂ ವೈರಸ್ ವಾಹಕಗಳಿಗೂ ಇದು ಮಾರಕವಾಗಬಲ್ಲದು.

ಇನ್ನು ತಮಾಷೆಯೆಂದರೆ, ಸೀಸೆಯನ್ನು ಹೊರತೆಗೆದು ಬೆಚ್ಚಗಾಗಿಸಿದೊಡನೆ ರಬ್ಬರ್ ಮತ್ತೆ ಮೃದುವಾಗಿ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಹೊಕ್ಕ ಅನಿಲ ಒಳಗೇ ಸೆರೆಯಾಗುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಬಣ್ಣದ ನೀರಿನಲ್ಲಿ ಮುಳುಗಿಸಿ ಸೋರಿಕೆ ಪರೀಕ್ಷಿಸಿದರೆ ಸೀಸೆ ಸಲೀಸಾಗಿ ಉತ್ತೀರ್ಣವಾಗುತ್ತದೆ. ಕಳ್ಳ ಬಂದು, ಕದ್ದು, ಹೊರಡುವಾಗ ಬಾಗಿಲು ಹಾಕಿಕೊಂಡು ಹೋದಂತೆ. ಸೀಸೆಯ ಮೇಲ್ಭಾಗದ ಗಾಳಿಯ ಒತ್ತಡ ಹಾಗೂ ಅನಿಲಾಂಶವನ್ನು ಲೇಸರ್ ಕಿರಣದಿಂದ ಅಳೆದರಷ್ಟೇ ಗುಟ್ಟು ರಟ್ಟಾಗುತ್ತದೆ. ಅಮೆರಿಕದ ಔಷಧಸಂಹಿತೆಯ 1207ನೇ ಅಧ್ಯಾಯ ಬಣ್ಣದ ನೀರಿನಂಥ ಹಳೆಯ ವಿಧಾನಗಳಿಗಿಂತ ಇಂಥ ಅಳೆಯಬಲ್ಲ ವಿಧಾನಗಳಿಗೆ ಒತ್ತು ಕೊಟ್ಟಿರುವುದು ಗಮನಾರ್ಹ.

16 ಕೋಟಿಯ ಚುಚ್ಚುಮದ್ದು ಬರುವುದು ಪ್ಲಾಸ್ಟಿಕ್‌ನಲ್ಲಿ

ಬೆನ್ನುಹುರಿ ಸ್ನಾಯುಕ್ಷೀಣತೆಯಿಂದ ನರಳುವ ಹಸುಗೂಸುಗಳಿಗಾಗಿ 16 ಕೋಟಿ ರೂಪಾಯಿಯ ಚುಚ್ಚುಮದ್ದಿಗೆ ನೆರವು ಕೋರುವ ಮನವಿಗಳನ್ನು ಕನ್ನಡದ ಓದುಗರು ಕೆಲವು ವರ್ಷಗಳಿಂದ ಕಾಣುತ್ತಿದ್ದಾರೆ. ಜೊಲ್ಜೆನ್ಸ್ಮಾ ಎಂಬ ಆ ಔಷಧ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ವಿಮಾನವೇರಿ ಬರುತ್ತದೆ. ಆಸ್ಪತ್ರೆ ತಲುಪಿದ ಮೇಲೆ ಸಾಧಾರಣ ರೆಫ್ರಿಜರೇಟರ್‌ನಲ್ಲಿರಿಸಿ 14 ದಿನಗಳೊಳಗೆ ಬಳಸಬೇಕು. ಅಷ್ಟು ಬೆಲೆಯ ಮದ್ದು ತುಂಬಿರುವುದು ಗಾಜಿನ ಸೀಸೆಯಲ್ಲಲ್ಲ, ಸೈಕ್ಲಿಕ್ ಒಲಿಫಿನ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಸೀಸೆಯಲ್ಲಿ. ನೋಡಲು ಗಾಜಿನಂತೆಯೇ ಇರುವ ಇದು ಹೆಪ್ಪುಗಟ್ಟುವಿಕೆಯ ಒತ್ತಡವನ್ನು ಗಾಜಿಗಿಂತ ಚೆನ್ನಾಗಿ ತಾಳುತ್ತದೆ, ಲೋಹಾಂಶಗಳನ್ನು ಔಷಧಕ್ಕೆ ಬಿಟ್ಟುಕೊಡುವುದಿಲ್ಲ. ದೋಷವಿಲ್ಲವೆಂದಲ್ಲ. ಆಮ್ಲಜನಕವನ್ನು ಗಾಜಿನಷ್ಟು ದೃಢವಾಗಿ ಇದು ತಡೆಯದು.

ಪ್ರಯೋಗಾಲಯಗಳಲ್ಲಿ ಸರ್ವೇಸಾಮಾನ್ಯವಾದ ಕ್ರಯೋವಯಲ್‌ಗಳ ಕಥೆ ಬೇರೆ. ಇವು ಪಾಲಿಪ್ರೊಪಿಲೀನ್‌ನಿಂದಾದವು. ಊಟದ ಡಬ್ಬಿಗೂ ಇದೇ ಪ್ಲಾಸ್ಟಿಕ್. ಶೂನ್ಯದ ಆಸುಪಾಸಿನಲ್ಲೇ ಇದರ ಬಳುಕುವ ಗುಣ ಕ್ಷೀಣಿಸತೊಡಗುತ್ತದೆ. ಮೈನಸ್ 80 ಡಿಗ್ರಿಯಲ್ಲಿ ಕದಲದೆ ಕುಳಿತಿರುವವರೆಗೆ ಚಿಂತೆಯಿಲ್ಲ, ಕೈಜಾರಿ ನೆಲಕ್ಕೆ ಬಿದ್ದರೆ ಬಿರುಕು ಬಿಡುತ್ತದೆ. ಹಾಗೆಂದು ಇದನ್ನು ತಳ್ಳಿಹಾಕಲಾಗದು. ಗಂಟಲುದ್ರವದ ಮಾದರಿ, ಸಂಶೋಧನೆಯ ಕೋಶಗಳಂಥ ವಸ್ತುಗಳಿಗೆ ಇದು ಅಗ್ಗ ಹಾಗೂ ಯೋಗ್ಯ. ಒಂದು ಹೋದರೆ ಇನ್ನೊಂದಿರುತ್ತದೆ. ಇನ್ನೊಂದಿಲ್ಲದ ವಸ್ತುವಿಗೂ ಇದನ್ನೇ ಬಳಸುವುದು ಪ್ರಶ್ನಾರ್ಹ.

ಕೋಶಚಿಕಿತ್ಸೆಯ ಮದ್ದು ಹೆಚ್ಚಾಗಿ ಎಥಿಲೀನ್ ವಿನೈಲ್ ಅಸಿಟೇಟ್‌ನ ಮೆತ್ತನೆಯ ಚೀಲಗಳಲ್ಲಿರುತ್ತದೆ. ತುಂಬುವಾಗ ರಕ್ತದ ಚೀಲದಂತೆ ಮೃದು, ಹೆಪ್ಪುಗಟ್ಟಿದ ಮೇಲೆ ಹಪ್ಪಳ. ಅದಕ್ಕೆಂದೇ ಪ್ರತಿ ಚೀಲವನ್ನೂ ಲೋಹದ ಚಪ್ಪಟೆ ಪೆಟ್ಟಿಗೆಯಲ್ಲಿ ಭದ್ರಪಡಿಸುತ್ತಾರೆ. ಕರಗಿಸುವಾಗ ಇನ್ನೊಂದು ಚೀಲದೊಳಗಿಟ್ಟು 37 ಡಿಗ್ರಿಯ ನೀರಿಗಿಳಿಸುತ್ತಾರೆ. ಶೈತ್ಯದಲ್ಲಿ ಆದ ಬಿರುಕು ತೋರುವುದು ಈ ಕೊನೆಯ ಗಳಿಗೆಯಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ. ಆ ಹೊತ್ತಿಗೆ ಹೊಸ ಕೋಶಗಳಿಗೆ ಎಡೆ ಮಾಡಿಕೊಡಲು ರೋಗಿಗೆ ಕೀಮೋಥೆರಪಿ ನೀಡಿ ಆತನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿರಲಾಗುತ್ತದೆ. ಚೀಲ ಸೋರಿದರೆ ಅಂಗಡಿಗೆ ಓಡಿ ಮತ್ತೊಂದು ತರುವಂತಿಲ್ಲ. ಆ ಔಷಧ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ, ಅದು ಆತನದೇ ಕೋಶ. ದೇಶೀಯ ಕಾರ್-ಟಿ ಚಿಕಿತ್ಸೆಗೆ 30ರಿಂದ 40 ಲಕ್ಷ ರೂಪಾಯಿ ವೆಚ್ಚವೆಂದು ವರದಿಯಾಗಿದೆ. ಆದರೆ ಈ ಸನ್ನಿವೇಶದಲ್ಲಿ ನಷ್ಟವನ್ನು ಲಕ್ಷಗಳಲ್ಲಿ ಲೆಕ್ಕ ಹಾಕುವುದೇ ತಪ್ಪಾದೀತು.

ಬೆಂಗಳೂರಿನಿಂದ ಮೈಸೂರಿಗೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿಯಲ್ಲಿ ಇಂಥ ಚೀಲವೊಂದು ಸುಖವಾಗಿ ಬಂದೀತು. ನಗರ ಹೊಕ್ಕ ಮೇಲೆ ಬಡಾವಣೆಗಳ ಒಳರಸ್ತೆಯ ಉಬ್ಬುಗಳನ್ನು ಹಾರಿ ಬರುವ ವಾಹನದಲ್ಲಿ ಅದರ ಗತಿಯೇನು ಎಂಬುದು ಕುವೆಂಪುನಗರದ ದ್ವಿಚಕ್ರ ಸವಾರರಿಗೆ ಬೇರೆ ಹೇಳಬೇಕಿಲ್ಲ.

ಶೈತ್ಯದಲ್ಲೂ ಬಳುಕುವ ಪ್ಲಾಸ್ಟಿಕ್ ಇಲ್ಲವೆಂದೇನಲ್ಲ. ಎಫ್ಇಪಿ, ಪಿಎಫ್ಎ ಎಂಬ ಫ್ಲೋರೋಪಾಲಿಮರ್‌ಗಳು ದ್ರವ ಸಾರಜನಕದ ಶೈತ್ಯದ ಸಮೀಪದಲ್ಲೂ ಸಾಕಷ್ಟು ಗಟ್ಟಿತನ ಉಳಿಸಿಕೊಳ್ಳುತ್ತವೆ. ರಾಸಾಯನಿಕವಾಗಿಯೂ ನಿರ್ಲಿಪ್ತ. ಕೋಶಗಳನ್ನು ಹೆಪ್ಪುಗಟ್ಟಿಸುವಾಗ ಬೆರೆಸುವ ಡಿಎಂಎಸ್ಒ ಎಂಬ ದ್ರಾವಕ ಕೆಲವು ಪ್ಲಾಸ್ಟಿಕ್‌ಗಳಿಂದ ರಾಸಾಯನಿಕಗಳನ್ನು ಎಳೆದುಕೊಳ್ಳುತ್ತದೆ. ಇವುಗಳ ಮುಂದೆ ಅದರ ಆಟ ನಡೆಯದು. ಬೆಲೆ ಮಾತ್ರ ದುಬಾರಿ, ಅಂಚು ಬೆಸೆಯುವುದೂ ಕಷ್ಟ. ಇದಕ್ಕಿಂತ ದೊಡ್ಡ ತೊಡಕು ಯೂರೋಪಿನಿಂದ ಬಂದಿದೆ. ಫ್ಲೋರಿನ್ ಬೆಸೆದ ಈ ಇಡೀ ರಾಸಾಯನಿಕ ಕುಟುಂಬ ಪರಿಸರದಲ್ಲಿ ನಶಿಸದೆ ಉಳಿಯುತ್ತದೆಂಬ ಕಾರಣಕ್ಕೆ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳು 2023ರ ಆರಂಭದಲ್ಲಿ ವ್ಯಾಪಕ ನಿರ್ಬಂಧದ ಪ್ರಸ್ತಾವ ಮಂಡಿಸಿದವು. 2025ರ ಅಂತ್ಯಕ್ಕೆ ಈ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಅಮೆರಿಕದ 3ಎಂ ಕಂಪನಿ 2022ರ ಡಿಸೆಂಬರ್‌ನಲ್ಲೇ ಪ್ರಕಟಿಸಿತ್ತು. ಹತ್ತಾರು ವರ್ಷ ಇಡಬೇಕಾದ ಕೋಶಬೀಜಕ್ಕೆ ಇಂದು ಧಾರಕ ಆರಿಸುವವರು ಅದೇ ಧಾರಕ ನಾಳೆಯೂ ಮಾರುಕಟ್ಟೆಯಲ್ಲಿದ್ದೀತೇ ಎಂದು ಯೋಚಿಸಬೇಕಾಗಿ ಬಂದಿದೆ.

ಲಂಡನ್ ಕಲಿಸಿದ ಪಾಠ

ದ್ರವ ಸಾರಜನಕದ ತೊಟ್ಟಿಯಲ್ಲಿ ಧಾರಕ ಸೋರಿದರೆ ಹಾಳಾಗುವುದು ಅದೊಂದೇ ಅಲ್ಲ ಎಂಬುದಕ್ಕೆ 1995ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಲಂಡನ್ ಪ್ರಕರಣ ಸಾಕ್ಷಿ. ಕೋಶ ಕಸಿ ಮಾಡಿಸಿಕೊಂಡಿದ್ದ ರೋಗಿಗಳಲ್ಲಿ ಹೆಪಟೈಟಿಸ್ ಬಿ ಕಾಣಿಸಿಕೊಂಡಾಗ ತನಿಖೆ ಕೊನೆಗೆ ಒಂದೇ ತೊಟ್ಟಿಯತ್ತ ಬೊಟ್ಟು ಮಾಡಿತು. ಸೋಂಕಿದ್ದ ವಸ್ತುವಿನ ಚೀಲ ಸೋರಿ, ಸಾರಜನಕದ ಮೂಲಕ ವೈರಸ್ ಇತರ ಚೀಲಗಳನ್ನು ತಲುಪಿತ್ತು. ಆ ಶೈತ್ಯದಲ್ಲಿ ಕೋಶ ಸಾಯುವುದಿಲ್ಲ; ವೈರಸ್ಸೂ ಅಳಿಯುವುದಿಲ್ಲ.

ತಿರುಪು ಮುಚ್ಚಳದ ಕ್ರಯೋವಯಲ್ ಅನ್ನು ದ್ರವದಲ್ಲಿ ಮುಳುಗಿಸಿದರೆ ಇನ್ನೊಂದು ಅಪಾಯವಿದೆ. ಸಂದಿನಿಂದ ಒಳನುಸುಳಿದ ಸಾರಜನಕ, ಹೊರತೆಗೆದಾಗ ಸುಮಾರು 700 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ವಯಲ್ ಸಿಡಿಯುತ್ತದೆ, ತಂತ್ರಜ್ಞರ ಮುಖ, ಕಣ್ಣಿಗೆ ಗಾಯವಾಗಬಹುದು. ದ್ರವದಲ್ಲಿ ಮುಳುಗಿಸದೆ ಅದರ ಮೇಲಿನ ಆವಿಯಲ್ಲಿಡಬೇಕೆಂದು ತಯಾರಕರು ಎಚ್ಚರಿಸುವುದು ಇದಕ್ಕೇ. ಆವಿಯಲ್ಲಿಟ್ಟರೆ ಸೋಂಕು ಹರಡುವ ಭಯವೂ ಕಡಿಮೆ.

ಅರಮನೆ ಹೈನುಶಾಲೆಯಿಂದ ಹೆಸರಘಟ್ಟಕ್ಕೆ

ಕನ್ನಡಿಗರಿಗೆ ಈ ವಿದ್ಯೆ ಪೂರ್ತಿ ಹೊಸದೇನಲ್ಲ. ದೇಶದಲ್ಲಿ ರಾಸುಗಳ ಕೃತಕ ಗರ್ಭಧಾರಣೆ ಮೊದಲು ನಡೆದದ್ದೇ ಮೈಸೂರಿನಲ್ಲಿ. 1939ರಲ್ಲಿ ಅರಮನೆಯ ಹೈನುಶಾಲೆಯಲ್ಲಿ ಡಾ. ಸಂಪತ್ ಕುಮಾರನ್ ಹಳ್ಳಿಕಾರ್ ಹಸುಗಳ ಮೇಲೆ ಈ ಪ್ರಯೋಗ ಮಾಡಿದ್ದರು. ಆಗ ಬಳಸಿದ್ದು ಹೆಪ್ಪುಗಟ್ಟಿಸದ ವೀರ್ಯ. ಘನೀಕೃತ ವೀರ್ಯದ ಕಾಲ ಬಂದದ್ದು 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ಕೇಂದ್ರ ಸಂಸ್ಥೆ ಸ್ಥಾಪನೆಯಾದ ಮೇಲೆ. ಇಂದು ಹಳ್ಳಿಯ ಪಶುವೈದ್ಯ ಪರಿವೀಕ್ಷಕ ಮೋಟಾರ್ ಸೈಕಲ್‌ಗೆ ಕಟ್ಟಿಕೊಂಡು ಹೋಗುವ ಪುಟ್ಟ ನೈಟ್ರೋಜನ್ ಜಾಡಿಯೊಳಗೆ ಮೈನಸ್ 196 ಡಿಗ್ರಿ ಇರುತ್ತದೆ. ಜಾಡಿಯ ಒಡಲು ಅಲ್ಯೂಮಿನಿಯಂ. ಕತ್ತು ಮಾತ್ರ ಶಾಖ ಹರಿಯಬಿಡದ ಫೈಬರ್ ಗ್ಲಾಸ್. ನಾಸಿಕ್‌ನ ಇಂಡಿಯನ್ ಆಯಿಲ್ ಘಟಕ ಇಂಥ ಜಾಡಿಗಳನ್ನು ತಯಾರಿಸುತ್ತ ಬಂದಿದೆ.

ಅದರೊಳಗಿನ ಕಡ್ಡಿಯನ್ನು ಗಮನಿಸಬೇಕು. ಕಾಲು ಮಿಲಿಲೀಟರ್ ಹಿಡಿಸುವ, ಸುಮಾರು 2 ಮಿಲಿಮೀಟರ್ ದಪ್ಪದ ಪಿವಿಸಿ ನಳಿಕೆ. ಹಿಗ್ಗಲು ಎಡೆಯಿರಲೆಂದು ಒಳಗೆ ಗಾಳಿಯ ಗುಳ್ಳೆ ಬಿಟ್ಟಿರುತ್ತಾರೆ. ತೆಳುವಾದ್ದರಿಂದ ಉದ್ದಕ್ಕೂ ಒಂದೇ ಸಮನೆ ಹೆಪ್ಪುಗಟ್ಟುತ್ತದೆ, ಬೆಚ್ಚನೆಯ ನೀರಿಗೆ ಹಾಕಿದರೆ ಅರೆ ನಿಮಿಷದಲ್ಲಿ ಕರಗುತ್ತದೆ. ಬಿರಡೆಯ ತಂಟೆಯಿಲ್ಲ, ತುದಿಗಳನ್ನು ಮುಚ್ಚಿ ಬೆಸೆದಿರುತ್ತದೆ. ಅತ್ಯುತ್ತಮ ಪ್ಲಾಸ್ಟಿಕ್ ಎಂದು ಪಿವಿಸಿಯನ್ನು ಯಾರೂ ಹೊಗಳರು. ಗೆದ್ದದ್ದು ವಸ್ತುವಲ್ಲ, ಶೈತ್ಯದಲ್ಲಿ ಏನಾಗುತ್ತದೆಂದು ಮೊದಲೇ ಯೋಚಿಸಿ ರೂಪಿಸಿದ ಆಕಾರ. ಹೋಲಿಕೆಗೆ ಮಿತಿಯಿದೆ ಎಂಬುದೂ ನಿಜ. ಒಂದು ಕಡ್ಡಿ ಹಾಳಾದರೆ ರೈತನಿಗೆ ಮೂರು ವಾರ ಕಾಯುವ ನಷ್ಟ, ರೋಗಿಗೆ ಹಾಗಲ್ಲ.

ಕೈಗಾರಿಕಾ ಪ್ರಮಾಣದಲ್ಲಿ ಆಕಾರದ ಪ್ರಶ್ನೆ ಇನ್ನಷ್ಟು ತೀಕ್ಷ್ಣ. ನೂರಾರು ಲೀಟರ್ ಪ್ರತಿಕಾಯ ದ್ರಾವಣವನ್ನು ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಅಂಚಿನಲ್ಲಿ ಮೊದಲು ಮಂಜು ಕಟ್ಟಿ, ಪ್ರೋಟೀನ್ ಹಾಗೂ ಲವಣಗಳು ನಡುವಿಗೆ ದಟ್ಟೈಸುತ್ತವೆ. ಸೋಡಿಯಂ ಫಾಸ್ಫೇಟ್ ಬೆರೆತಿದ್ದರೆ ಪಿಎಚ್ ಮೌಲ್ಯ 7ರಿಂದ 4ರ ಸಮೀಪಕ್ಕೂ ಕುಸಿಯಬಹುದು. ಉಕ್ಕಿನ ಪಾತ್ರೆ ಒಡೆಯದು, ಈ ಸಮಸ್ಯೆಯನ್ನು ತಾನಾಗಿ ಬಗೆಹರಿಸುವುದೂ ಇಲ್ಲ. ಗಟ್ಟಿ ಕವಚದೊಳಗಿನ ತೆಳು ಚೀಲಗಳತ್ತ ಉದ್ಯಮ ವಾಲುತ್ತಿರುವುದಕ್ಕೆ ಇದೂ ಒಂದು ಕಾರಣ.

ಟೆಂಡರ್‌ನಲ್ಲಿ ಬರೆಯದ ಸಾಲು

ಖಾಸಗಿ ಕಂಪನಿಗಳು ವಿದೇಶಿ ನಿಯಂತ್ರಕರ ಭಯಕ್ಕಾದರೂ ಇದನ್ನೆಲ್ಲ ಪರೀಕ್ಷಿಸುತ್ತವೆ. ಸರ್ಕಾರಿ ವೈದ್ಯಕೀಯ ಕಾಲೇಜು, ವೈರಾಣು ಪ್ರಯೋಗಾಲಯ, ವಿಶ್ವವಿದ್ಯಾಲಯಗಳ ಸ್ಥಿತಿ ಭಿನ್ನ. ರಾಜ್ಯದ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಪ್ರಕಾರ ನಿಗದಿತ ಮಾನದಂಡಕ್ಕೆ ಒಪ್ಪುವ ಟೆಂಡರುಗಳಲ್ಲಿ ಕನಿಷ್ಠ ದರದವರಿಗೆ ಗುತ್ತಿಗೆ ದೊರೆಯುತ್ತದೆ. ಕಾಯಿದೆಯನ್ನು ದೂರಿ ಫಲವಿಲ್ಲ. ಮಾನದಂಡ ಬರೆಯುವ ಲೇಖನಿ ಖರೀದಿಸುವ ಸಂಸ್ಥೆಯ ಕೈಯಲ್ಲೇ ಇದೆ. ತಾಂತ್ರಿಕ ಅರ್ಹತೆಯನ್ನು ಮೊದಲು ತೂಗಿ ನೋಡುವ ದ್ವಿಲಕೋಟೆ ಪದ್ಧತಿಗೂ ಅವಕಾಶವಿದೆ. ಆದರೆ ದಾಖಲೆಯಲ್ಲಿ ಗಾತ್ರ, ಪ್ಲಾಸ್ಟಿಕ್‌ನ ಹೆಸರು ಹಾಗೂ ಕ್ರಿಮಿಶುದ್ಧ ಎಂಬ ಪದವನ್ನಷ್ಟೇ ಬರೆದರೆ, ಒಂದೂವರೆ ರೂಪಾಯಿ ಅಗ್ಗವಾದ ವಯಲ್ ಗೆಲ್ಲುವುದನ್ನು ಯಾರೂ ತಡೆಯಲಾರರು. ಮೈನಸ್ 80 ಡಿಗ್ರಿಯಲ್ಲೇ ಸೋರಿಕೆ ಪರೀಕ್ಷಿಸಿದ ವರದಿ, ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಬೀಳಿಸಿ ನೋಡಿದ ಫಲಿತಾಂಶ, ಬಿರಡೆಯ ರಬ್ಬರ್ ಕಲ್ಲಾಗುವ ಉಷ್ಣತೆ, ಶೈತ್ಯದಲ್ಲೂ ಕಳಚದ ಚೀಟಿ: ಇವನ್ನು ಕೇಳಿದವರಿಗೆ ಮಾತ್ರ ಇವು ಸಿಗುತ್ತವೆ. ಚೀಟಿಯದು ಕ್ಷುಲ್ಲಕ ಸಂಗತಿಯೆನಿಸಬಹುದು. ಹೆಸರು ಉದುರಿಹೋದ ಸೀಸೆ, ಒಡೆದ ಸೀಸೆ ಎರಡೂ ಒಂದೇ.

ಇಲ್ಲಿಯೇ ಮೈಸೂರಿನ ಪಾತ್ರ ಬರುವುದು. 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಆಹಾರ ಪ್ಯಾಕೇಜಿಂಗ್‌ಗೆಂದೇ ವಿಭಾಗ ಹೊಂದಿದೆ. 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹಿಮಶಿಖರದ ಸೈನಿಕರಿಗೆ ಕೆಡದ ಊಟ ಕಟ್ಟಿಕೊಡುವುದರಲ್ಲಿ ಪಳಗಿದೆ. ಪ್ಲಾಸ್ಟಿಕ್ ಪರೀಕ್ಷೆಗೆಂದೇ ಇರುವ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಕೇಂದ್ರವೂ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿದೆ. ಔಷಧ ಬೆಂಗಳೂರಿನದು, ಧಾರಕದ ವಿದ್ಯೆ ಮೈಸೂರಿನದು ಎಂದರೆ ಅತಿಶಯೋಕ್ತಿಯಾಗದು. ಈ ಎರಡು ನಗರಗಳ ನಡುವೆ ಹೆದ್ದಾರಿ ಬಂದಿದೆ. ಈ ಎರಡು ವಿದ್ಯೆಗಳ ನಡುವೆ ಬರಬೇಕಾದ ದಾರಿಯ ಬಗ್ಗೆ ಮಾತೇ ಕೇಳಿಬರುತ್ತಿಲ್ಲ.

2023ರ ಡಿಸೆಂಬರ್‌ನಲ್ಲಿ ಅಧಿಸೂಚಿತವಾದ ಪರಿಷ್ಕೃತ ಶೆಡ್ಯೂಲ್ ಎಂ ನಿಯಮಗಳ ಪಾಲನೆಗೆ ಸಣ್ಣ ಹಾಗೂ ಮಧ್ಯಮ ಔಷಧ ಘಟಕಗಳಿಗೆ 2025ರ ಡಿಸೆಂಬರ್ 31ರವರೆಗೆ ಕಾಲಾವಕಾಶ ನೀಡಲಾಗಿತ್ತು. ಗುಣಮಟ್ಟದ ಹೊಣೆ ತಯಾರಕರ ಮೇಲಿದೆ ಎಂದು ನಿಯಮ ಹೇಳುತ್ತದೆ. ಪ್ಲಾಸ್ಟಿಕ್ ಪೂರೈಕೆದಾರರ ಮಾಹಿತಿಪತ್ರಗಳಲ್ಲಿ ಆಘಾತ ತಾಳುವ ಶಕ್ತಿಯ ಅಂಕಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪರೀಕ್ಷೆಯ ಉಷ್ಣತೆಯನ್ನೂ ನಮೂದಿಸಿರುತ್ತಾರೆ. ಬಹುಪಾಲು ಪತ್ರಗಳಲ್ಲಿ ಅದು 23 ಡಿಗ್ರಿ.